ಪ್ಲಾಂಟರ್ ಹಡಗಿನ ಕಪ್ತಾನ

ವಾಸ್ಕೋಡಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಅಂತ ನಾವೆಲ್ಲ ಪ್ರೈಮರಿ ಶಾಲೆಯಲ್ಲಿ ಉರು ಹೊಡೆದವರೇ. ಇಸವಿ ತಪ್ಪಿದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಆದರೆ ಆಫ್ರಿಕದ ಮಾಲಿಂದಿಯಿಂದ ಈಚೆಗೆ, ಆ ಗೊತ್ತುಗುರಿಯಿಲ್ಲದ ನೀರಿನಲ್ಲಿ, ಗಾಮನ ಹಡಗುಗಳನ್ನು ಕೈಹಿಡಿದು ಕರೆತಂದವನು ಬೇರೊಬ್ಬ. ಮಾಲಿಂದಿಯ ದೊರೆ ಕೊಟ್ಟು ಕಳಿಸಿದ ನಾವಿಕ. ಅವನ ಹೆಸರೇನು ಅಂತ ಯಾವ ಮೇಷ್ಟ್ರೂ ಕೇಳಲಿಲ್ಲ. ಪಂಡಿತರು ಆ ಹೆಸರಿಗಾಗಿ ಇವತ್ತಿಗೂ ಜಗಳ ಆಡ್ತಾ ಇದ್ದಾರೆ. ಹಡಗಿನ ಧಣಿಯ ಹೆಸರು ಪುಸ್ತಕಕ್ಕೆ ಹೋಯಿತು. ದಾರಿ ಗೊತ್ತಿದ್ದವನ ಹೆಸರು ನೀರಿಗೆ ಹೋಯಿತು.

ನಾವು ಇಲ್ಲಿ ಹೇಳಹೊರಟಿರುವುದು ದಾರಿ ಗೊತ್ತಿದ್ದ ಇನ್ನೊಬ್ಬನ ಕಥೆ. ಅವನ ಹೆಸರು ಉಳಿದಿದೆ. ಅದು ಯಾರ ಕೃಪೆಯಿಂದಲೂ ಉಳಿದದ್ದಲ್ಲ. ಅವನು ಹಡಗನ್ನೇ ಕಿತ್ತುಕೊಂಡು ಹೋದದ್ದರಿಂದ ಉಳಿಯಿತು.

ಈ ಲೇಖನದ ಮಾತು ತೆಗೆದಾಗ ನಮ್ಮ ಗೆಳೆಯರೊಬ್ಬರು, “ಅಮೆರಿಕದ ಹಡಗಿನ ಕಥೆ ನಮ್ಮ ಕೇರಿಗೆ ಯಾಕ್ರೀ?” ಅಂದರು. ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಬಹಳ ಜನ ಸಮುದ್ರ ಕಂಡದ್ದು ಯಾವುದೋ ಸಮ್ಮೇಳನಕ್ಕೆ ಮಂಗಳೂರಿಗೋ ಕಾರವಾರಕ್ಕೋ ಹೋದಾಗ. ಆದರೆ ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದಾಗ ಅದನ್ನು ಅರ್ಪಿಸಿದ್ದು ಕರಿಯರ ಗುಲಾಮಗಿರಿಯನ್ನು ಕೊನೆಗಾಣಿಸಲು ದುಡಿದ ಅಮೆರಿಕದ ಜನಕ್ಕೆ. ಬಾಬಾಸಾಹೇಬರು 1946ರಲ್ಲಿ ಕರಿಯರ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದು ವಿಚಾರಿಸಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಅಂತ ಹೆಸರಿಟ್ಟಾಗ ಆ ಹೆಸರು ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಈ ಕಥೆ ಅಷ್ಟೇನೂ ದೂರದ್ದಲ್ಲ. ನಮ್ಮ ಹತ್ತಿಗೂ ಇದಕ್ಕೂ ಒಂದು ನಂಟಿದೆ; ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಕಸುಬಿನ ಮಾತು. ಹಡಗಿಗೆ ಕಪ್ತಾನ ಇರುತ್ತಾನೆ, ಸರಿ. ಆದರೆ ನಡುಗಡಲು ದಾಟಿ ಬಂದ ಕಪ್ತಾನನೂ ಬಂದರಿನ ಬಾಯಿಗೆ ಬಂದರೆ ಕೈಕಟ್ಟಿ ನಿಲ್ಲಬೇಕು. ಹೊಳೆ ಬಂದು ಕಡಲು ಸೇರುವ ಕಡೆ ಮರಳ ದಿಬ್ಬ ಬೆಳೆಯುತ್ತಿರುತ್ತದೆ. ಕರಾವಳಿಯವರಿಗೆ ಅಳಿವೆಯ ಕಷ್ಟ ಹೇಳಿಕೊಡಬೇಕಾಗಿಲ್ಲ. ಕಳೆದ ವರ್ಷ ಆಳವಿದ್ದ ಕಡೆ ಈ ವರ್ಷ ಮೊಣಕಾಲುದ್ದ ನೀರು. ಉಬ್ಬರದಲ್ಲಿ ದಾಟುವ ದಾರಿ ಇಳಿತದಲ್ಲಿ ಹಡಗಿನ ಹೊಟ್ಟೆ ಸೀಳುತ್ತದೆ. ಆ ಕಾಲುವೆಯ ತಿರುವು, ನೀರಿನ ಬಣ್ಣ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟಾಗ ತಳದಿಂದ ಬರುವ ಕೆಸರೋ ಮರಳೋ ಅನ್ನುವ ಗುರುತು ಇವೆಲ್ಲ ಗೊತ್ತಿರುವವನು ಪೈಲಟ್. ಅವನು ಹತ್ತಿದ ಮೇಲೆ ಕಪ್ತಾನನೂ ಅವನ ಮಾತು ಕೇಳಬೇಕು. ಈ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ದಿನಾ ಆ ನೀರಿನಲ್ಲೇ ಇರುವವನ ಕಣ್ಣಿಗೆ, ಕಾಲಿಗೆ ಹತ್ತಿ ಬರುತ್ತದೆ.

ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಕರಾವಳಿ ಇಂಥ ನೀರಿನಿಂದ ತುಂಬಿದ್ದು. ದ್ವೀಪಗಳು, ಕೆಸರು ಗದ್ದೆಗಳು, ಉಬ್ಬರಕ್ಕೆ ತುಂಬಿ ಇಳಿತಕ್ಕೆ ಬತ್ತುವ ಹಳ್ಳಗಳು. ಭತ್ತ, ಹತ್ತಿ ಬೆಳೆದವರು ಗುಲಾಮರು. ಅದನ್ನು ದೋಣಿಗೆ ಹೇರಿದವರು, ಹುಟ್ಟು ಹಾಕಿದವರು, ಚಾರ್ಲ್ಸ್‌ಟನ್ ಬಂದರಿಗೆ ತಂದವರು ಅವರೇ. 1860ರ ಜನಗಣತಿಯಲ್ಲಿ ಆ ರಾಜ್ಯದ 7,03,708 ಜನರ ಪೈಕಿ 4,02,406 ಜನ ಗುಲಾಮರು. ನೂರಕ್ಕೆ ಐವತ್ತೇಳು. ಬಹುಸಂಖ್ಯಾತರೇ ಆಸ್ತಿ, ಅಲ್ಪಸಂಖ್ಯಾತರೇ ಒಡೆಯರು. ನೀರಿನ ದಾರಿ ಗೊತ್ತಿದ್ದದ್ದು ಆಸ್ತಿಗೆ!

ಗೊತ್ತಿದ್ದರೇನು, ಪೈಲಟ್ ಅನ್ನುವ ಹೆಸರು ಬಿಳಿಯನಿಗೆ ಮೀಸಲು. ಅದೇ ಕೆಲಸ ಮಾಡುವ ಕರಿಯನಿಗೆ ‘ಚಕ್ರ ಹಿಡಿಯುವವನು’ ಅನ್ನುವ ಹೆಸರು. ಚಕ್ರ ಅಂದರೆ ಚುಕ್ಕಾಣಿಯ ಚಕ್ರ. ಕೈ ಅವನದು, ಕಣ್ಣು ಅವನದು, ಲೆಕ್ಕಾಚಾರ ಅವನದು. ಪದವಿ ಮಾತ್ರ ಇನ್ನೊಬ್ಬನದು. ಊರಿನ ಸತ್ತ ದನ ಹೊತ್ತು, ಚರ್ಮ ಹದ ಮಾಡಿ, ತಮಟೆಗೆ ಚರ್ಮ ಬಿಗಿದು, ನಾದದ ಹದ ಬೆಂಕಿಯಲ್ಲಿ ನೋಡಿ ಬಾರಿಸುವವನಿಗೆ ‘ವಿದ್ವಾನ್’ ಅಂತ ಯಾರೂ ಅನ್ನಲಿಲ್ಲವಲ್ಲ, ಹಾಗೆ. ಇತ್ತ ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅಂತ ಬರೆದ ಶಾಸ್ತ್ರಿಗಳು ಮೀನು ಹಿಡಿಯುವವನ ವಿದ್ಯೆಯನ್ನು ವಿದ್ಯೆ ಅಂತ ಎಣಿಸಲಿಲ್ಲ.

ಚಾರ್ಲ್ಸ್‌ಟನ್ ಊರಿನ ಧಣಿಗಳಿಗೆ ಕಡಲಿನ ಕರಿಯ ಅಂದರೆ ಎದೆ ನಡುಕ. ಅದಕ್ಕೆ ಕಾರಣ ಇತ್ತು. 1822ರಲ್ಲಿ ಡೆನ್ಮಾರ್ಕ್ ವೆಸಿ ಅನ್ನುವ ಬಡಗಿ ಗುಲಾಮರ ದೊಡ್ಡ ದಂಗೆಗೆ ಸಂಚು ಹೂಡಿದನೆಂದು ಹಿಡಿದರು. ಈ ವೆಸಿ ಎಳೆಯನಾಗಿದ್ದಾಗ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನೊಬ್ಬನ ಕೈಕೆಳಗೆ ಇದ್ದವನು. ನಾಲ್ಕು ಬಂದರು ನೋಡಿದವನು. 1799ರಲ್ಲಿ ಲಾಟರಿ ಹೊಡೆದು ಆ ದುಡ್ಡಿನಲ್ಲಿ ತನ್ನನ್ನೇ ತಾನು ಕೊಂಡುಕೊಂಡಿದ್ದ. ಅವನನ್ನೂ ಸೇರಿಸಿ ಮೂವತ್ತೈದು ಜನರನ್ನು ಗಲ್ಲಿಗೆ ಹಾಕಿದರು. ಅದೇ ವರ್ಷದ ಕೊನೆಗೆ ಒಂದು ಕಾನೂನು ಬಂತು. ಬೇರೆ ಊರಿನಿಂದ ಬರುವ ಹಡಗಿನಲ್ಲಿ ಸ್ವತಂತ್ರ ಕರಿಯ ನಾವಿಕ ಇದ್ದರೆ ಹಡಗು ಹೊರಡುವವರೆಗೂ ಅವನು ಜೈಲಿನಲ್ಲಿರಬೇಕು. ಅವನ ಊಟದ ಖರ್ಚನ್ನು ಕಪ್ತಾನ ಕಟ್ಟಬೇಕು. ಕಟ್ಟದೆ ಹೋದರೆ ಆ ಸ್ವತಂತ್ರ ಮನುಷ್ಯನನ್ನೇ ಗುಲಾಮನಾಗಿ ಮಾರುವುದು! ಅವನ ತಪ್ಪೇನು? ಬೇರೆ ಕಡೆ ಕರಿಯರು ಹೇಗಿದ್ದಾರೆ ಅಂತ ಕಂಡು ಬಂದದ್ದು. ಕಂಡದ್ದನ್ನು ಧಕ್ಕೆಯ ಮೇಲೆ ನಿಂತು ಹೇಳಿಬಿಟ್ಟಾನು ಅನ್ನುವ ಭಯ. ಹೊಲೆಯ ಸಂತೆಗೆ ಹೋಗಿ ಪೇಪರು ಓದಿಕೊಂಡು ಬಂದರೆ ಗೌಡರಿಗೆ ಆಗುವ ಭಯವೂ ಇದೇ ಜಾತಿಯದು.

ಆ ಊರಿನಲ್ಲಿ ಇನ್ನೊಂದು ವ್ಯವಸ್ಥೆ ಇತ್ತು. ಧಣಿಗಳು ತಮ್ಮ ಗುಲಾಮರನ್ನು ಬಾಡಿಗೆಗೆ ಬಿಡುತ್ತಿದ್ದರು. ದುಡಿಮೆ ಗುಲಾಮನದು, ಕೂಲಿ ಧಣಿಯದು. ಹಾಗೆ ಬಾಡಿಗೆಗೆ ಬಿಟ್ಟವನ ಮೈಮೇಲೆ ತಾಮ್ರದ ಬಿಲ್ಲೆ ಇರಬೇಕು. ಅದರ ಮೇಲೆ ಊರಿನ ಹೆಸರು, ಇಸವಿ, ನಂಬರು ಮತ್ತು ಕಸುಬು. ಹಮಾಲಿ, ಬೆಸ್ತ, ಮನೆಯಾಳು ಹೀಗೆ. ಮನುಷ್ಯನ ಹೆಸರಿಗೆ ಮಾತ್ರ ಬಿಲ್ಲೆಯ ಮೇಲೆ ಜಾಗ ಇಲ್ಲ. ಆ ಬಿಲ್ಲೆಗಳು ಈಗ ವಸ್ತುಸಂಗ್ರಹಾಲಯಗಳಲ್ಲಿ ಇವೆ. ಸಾಲಕ್ಕೆ ಮಗನನ್ನು ಜೀತಕ್ಕಿಟ್ಟ ಅಪ್ಪಂದಿರನ್ನು ನಾವು ಕಂಡಿದ್ದೇವೆ. 1976ರಲ್ಲಿ ಜೀತ ರದ್ದು ಕಾನೂನು ಬಂದ ಮೇಲೂ ಕಂಡಿದ್ದೇವೆ. ಹಾಗಾಗಿ ಈ ಬಿಲ್ಲೆಯ ಭಾರ ಎಷ್ಟು ಅಂತ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ರಾಬರ್ಟ್ ಸ್ಮಾಲ್ಸ್ ಹುಟ್ಟಿದ್ದು 1839ರ ಏಪ್ರಿಲ್ 5ರಂದು, ಬ್ಯೂಫರ್ಟ್ ಅನ್ನುವ ಊರಿನಲ್ಲಿ, ಮೆಕೀ ಎಂಬ ಧಣಿಯ ಮನೆಯ ಹಿತ್ತಿಲಿನ ಗುಡಿಸಿಲಲ್ಲಿ. ತಾಯಿ ಲಿಡಿಯಾ ಆ ಮನೆಯ ಆಳು. ಮನೆಯಾಳಿನ ಮಗ ಅಂತ ಹುಡುಗನಿಗೆ ಹೊಲದ ಆಳುಗಳಷ್ಟು ಏಟು ಬೀಳುತ್ತಿರಲಿಲ್ಲ. ತಾಯಿಗೆ ಅದೇ ಚಿಂತೆ. ಮಗ ತಾನು ಯಾರು ಅನ್ನುವುದನ್ನೇ ಮರೆತಾನು ಅಂತ. ಆಳುಗಳನ್ನು ಕಟ್ಟಿ ಚಾವಟಿಯಲ್ಲಿ ಹೊಡೆಯುವ ಕಡೆಗೆ ಅವಳೇ ಕರೆದುಕೊಂಡು ಹೋಗಿ ನಿಲ್ಲಿಸಿ, ನೋಡು ಅಂದಳಂತೆ. ಆ ಮನೆತನದವರು ಹೇಳಿಕೊಂಡು ಬಂದ ಮಾತು ಇದು. ನಾವು ನಂಬುತ್ತೇವೆ. ಇಂಥ ಅವ್ವಂದಿರು ನಮ್ಮ ಕೇರಿಗಳಲ್ಲೂ ಇದ್ದಾರೆ.

ಹನ್ನೆರಡನೇ ವಯಸ್ಸಿಗೆ ಹುಡುಗನನ್ನು ಚಾರ್ಲ್ಸ್‌ಟನ್‌ಗೆ ಬಾಡಿಗೆಗೆ ಬಿಟ್ಟರು. ಹೋಟೆಲಿನಲ್ಲಿ ಎಲೆ ಎತ್ತುವಂಥ ಕೆಲಸ, ಆಮೇಲೆ ಬೀದಿಯ ದೀಪ ಹಚ್ಚುವ ಕೆಲಸ, ಆಮೇಲೆ ಧಕ್ಕೆಯ ಹಮಾಲಿ. ಅಲ್ಲಿಂದ ಹಾಯಿ ಹೊಲಿಯುವುದು, ಹಗ್ಗ ಬಿಗಿಯುವುದು, ಕೊನೆಗೆ ಚುಕ್ಕಾಣಿ. ಮೊದಮೊದಲು ವಾರಕ್ಕೆ ಒಂದು ಡಾಲರು ಅವನ ಕೈಗೆ, ಮಿಕ್ಕದ್ದೆಲ್ಲ ಧಣಿಗೆ. 1856ರಲ್ಲಿ ಹ್ಯಾನಾ ಅನ್ನುವ ಹೋಟೆಲ್ ಆಳನ್ನು ಮದುವೆಯಾದ. ಅವಳ ಧಣಿ ಬೇರೆ. ಹುಟ್ಟುವ ಮಕ್ಕಳೂ ಅವಳ ಧಣಿಗೇ ಸೇರಬೇಕು. ಹೆಂಡತಿ, ಮಗಳನ್ನು ಬಿಡಿಸಿಕೊಳ್ಳಲು ಬೆಲೆ ಕೇಳಿದ. 800 ಡಾಲರು ಅಂದರು. ಕೂಡಿಟ್ಟು ಕೂಡಿಟ್ಟು ಯಾವ ಕಾಲಕ್ಕೆ?

ಪ್ಲಾಂಟರ್ 1860ರಲ್ಲಿ ಚಾರ್ಲ್ಸ್‌ಟನ್‌ನಲ್ಲೇ ಕಟ್ಟಿದ ಉಗಿಹಡಗು. ಉದ್ದ 147 ಅಡಿ. ಎರಡೂ ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರ. ನಾಲ್ಕಡಿಯೂ ಇಲ್ಲದ ನೀರಿನಲ್ಲಿ ತೇಲುವಂಥದ್ದು. ಅದಕ್ಕೇ ಹಳ್ಳಗಳ ಒಳಗೆ ನುಗ್ಗಿ ಹತ್ತಿ ಹೇರಿಕೊಂಡು ಬರಲು ಹೇಳಿಮಾಡಿಸಿದ ಹಾಗಿತ್ತು. ಹೆಸರೂ ಹಾಗೇ: ಪ್ಲಾಂಟರ್ ಅಂದರೆ ತೋಟದ ಧಣಿ. 1861ರ ಏಪ್ರಿಲ್ 12ರಂದು ಗುಲಾಮಗಿರಿ ಬೇಕು ಅನ್ನುವ ದಕ್ಷಿಣದ ರಾಜ್ಯಗಳವರು ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿದ್ದ ಸಮ್ಟರ್ ಕೋಟೆಗೆ ಗುಂಡು ಹಾರಿಸಿದರು. ಯುದ್ಧ ಶುರುವಾಯಿತು. ಉತ್ತರದ ಸರ್ಕಾರ ದಕ್ಷಿಣದ ಬಂದರುಗಳಿಗೆಲ್ಲ ಹೊರಗಿನಿಂದ ನೌಕೆಗಳ ಬೇಲಿ ಹಾಕಿತು. ಹತ್ತಿ ಹೊರಗೆ ಹೋಗುವುದು ನಿಂತಿತು. ಪ್ಲಾಂಟರ್ ಹತ್ತಿ ಬಿಟ್ಟು ಮದ್ದುಗುಂಡು ಹೊರುವ ಹಡಗಾಯಿತು.

ಅಲ್ಲಿ ಹತ್ತಿ ನಿಂತಾಗ ಇಲ್ಲಿ ಏನಾಯಿತು? ಲಂಕಾಶೈರಿನ ಗಿರಣಿಗಳು ಬಾಯಿ ಬಿಟ್ಟವು. ಇಂಗ್ಲಿಷ್ ವ್ಯಾಪಾರಿಗಳ ಕಣ್ಣು ಇಂಡಿಯಾದ ಕಡೆ ತಿರುಗಿತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ರೇವಿಗೆ, ಅಲ್ಲಿಂದ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋಯಿತು. ‘ಕುಮಟಾ ಹತ್ತಿ’ ಅನ್ನುವ ಹೆಸರೇ ಆ ಪೇಟೆಯಲ್ಲಿ ಚಲಾವಣೆಯಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಅದರ ಹಿಂದೆಯೂ ಈ ಹತ್ತಿಯ ದಾರಿ, ಕಾರವಾರ ಬಂದರಿನ ಆಸೆ ಇತ್ತು. ಬೆಲೆ ಏರಿತು, ಯಾರ್ಯಾರೋ ಸಾಹುಕಾರರಾದರು. 1865ರಲ್ಲಿ ಅಲ್ಲಿ ಯುದ್ಧ ನಿಂತಿತು. ಇಲ್ಲಿ ಬೆಲೆ ಕುಸಿದು ಮುಂಬಯಿಯ ಬ್ಯಾಂಕುಗಳು ಮುಳುಗಿದವು. ಗಾಡಿ ಹೊಡೆದವರು, ಹತ್ತಿ ಬಿಡಿಸಿದ ಹೆಂಗಸರು ಮೊದಲಿದ್ದ ಹಾಗೇ ಇದ್ದರು. ಕುಮಟಾದ ಧಕ್ಕೆಯಲ್ಲಿ ಹತ್ತಿ ಅಂಡಿಗೆ ಹೊತ್ತವನಿಗೂ ಚಾರ್ಲ್ಸ್‌ಟನ್‌ನ ಧಕ್ಕೆಯಲ್ಲಿ ಹೊತ್ತವನಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರ ಲೆಕ್ಕವೂ ಲಿವರ್‌ಪೂಲಿನಲ್ಲಿತ್ತು.

ಈಗ ಆ ರಾತ್ರಿ.

1862ರ ಮೇ 12. ಪ್ಲಾಂಟರ್ ಹಡಗು ಹತ್ತಿರದ ಕೋಲ್ಸ್ ದ್ವೀಪದ ಕೋಟೆ ಖಾಲಿ ಮಾಡಿಸಿ ನಾಲ್ಕು ದೊಡ್ಡ ಫಿರಂಗಿ ಹೇರಿಕೊಂಡು ಸಂಜೆಗೆ ಚಾರ್ಲ್ಸ್‌ಟನ್‌ಗೆ ಮರಳಿತು. ಹಡಗಿನದೇ ಎರಡು ಫಿರಂಗಿ ಬೇರೆ. ಕಪ್ತಾನ ರೆಲಿಯಾ, ಅವನ ಮೇಟಿ, ಎಂಜಿನಿಯರ್ ಮೂವರು ಬಿಳಿಯರು. ರಾತ್ರಿ ಹಡಗಿನಲ್ಲೇ ಮಲಗಬೇಕು ಅಂತ ಸೈನ್ಯದ ಹುಕುಂ ಇತ್ತು. ಆದರೂ ಮೂವರೂ ಮನೆಗೆ ಹೋದರು. ಹಡಗಿನಲ್ಲಿ ಉಳಿದವರು ಕರಿಯ ಆಳುಗಳು. ಅವರಿಂದ ಏನಾದೀತು ಅನ್ನುವ ಧೈರ್ಯ! ಧಣಿಗಳು ಯಾವಾಗಲೂ ಸೋಲುವುದು ಇಲ್ಲೇ ಅಂತ ಕಾಣುತ್ತದೆ. ಆಳು ಏನು ಯೋಚನೆ ಮಾಡುತ್ತಾನೆ ಅಂತ ಅವರು ಯೋಚನೆ ಮಾಡುವುದಿಲ್ಲ.

ಸ್ಮಾಲ್ಸ್‌ಗೆ ಆಗ ಇಪ್ಪತ್ಮೂರು ವರ್ಷ. ಅವನು ಮತ್ತು ಉಳಿದ ಆಳುಗಳು ದಿನಗಟ್ಟಲೆ ಪಿಸುಮಾತಿನಲ್ಲಿ ಇದನ್ನು ಕೂಡಿ ಯೋಚಿಸಿದ್ದರು. ಕಪ್ತಾನನ ಅಗಲದ ಹುಲ್ಲಿನ ಟೋಪಿಯನ್ನು ಒಮ್ಮೆ ಸ್ಮಾಲ್ಸ್ ತಲೆ ಮೇಲಿಟ್ಟು ಯಾರೋ ತಮಾಷೆ ಮಾಡಿದ್ದರಂತೆ. ಥೇಟ್ ಕಪ್ತಾನನ ಹಾಗೇ ಕಾಣ್ತೀಯ ಅಂತ. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಹೆಂಡತಿಗೆ ಹೇಳಿದಾಗ ಹ್ಯಾನಾ ಕೇಳಿದ್ದು, ಸಿಕ್ಕಿಬಿದ್ದರೆ ಏನಾಗುತ್ತೆ ಅಂತ. ಗುಂಡು ಹೊಡೀತಾರೆ ಅಂದ. ನೀನು ಸಾಯೋ ಕಡೆ ನಾನೂ ಸಾಯ್ತೀನಿ, ನಡಿ, ಅನ್ನುವ ಅರ್ಥದ ಮಾತು ಅವಳದು. ಸಿಕ್ಕಿಬಿದ್ದರೆ ಶರಣಾಗುವುದಿಲ್ಲ, ಹಡಗನ್ನೇ ಸಿಡಿಸುವುದು, ಅದಾಗದಿದ್ದರೆ ಕೈಕೈ ಹಿಡಿದು ನೀರಿಗೆ ಹಾರುವುದು ಅಂತ ಎಲ್ಲರೂ ಗಟ್ಟಿ ಮಾಡಿಕೊಂಡರು. ಒಬ್ಬಿಬ್ಬರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ಅವರನ್ನು ಹೇಡಿಗಳು ಅನ್ನಲು ನಮಗೆ ಬಾಯಿ ಬರುವುದಿಲ್ಲ. ಸರಿದವರು ಯಾರಿಗೂ ಚಾಡಿ ಹೇಳಲಿಲ್ಲ, ಅಷ್ಟು ಸಾಕು.

ಮೇ 13, ಬೆಳಗಿನ ಜಾವ ಮೂರರ ಸುಮಾರು. ಬಾಯ್ಲರಿಗೆ ಬೆಂಕಿ ಹಾಕಿದರು. ದಕ್ಷಿಣದವರ ಬಾವುಟಗಳನ್ನು ಏರಿಸಿದರು. ಮಾಮೂಲಿ ಕೆಲಸಕ್ಕೆ ಹೊರಟ ಹಾಗೆ ಧಕ್ಕೆ ಬಿಟ್ಟರು. ಪಹರೆಯವನು ನೋಡಿದ, ಕಪ್ತಾನನೇ ಹೊರಟ ಅಂದುಕೊಂಡ. ಹಡಗು ನೇರ ಹೊರಕ್ಕೆ ಹೋಗಲಿಲ್ಲ. ಮೊದಲು ಇನ್ನೊಂದು ಧಕ್ಕೆಗೆ ಹೋಗಿ ಅಲ್ಲಿ ಬೇರೊಂದು ಹಡಗಿನಲ್ಲಿ ಅಡಗಿ ಕೂತಿದ್ದ ಹೆಂಗಸರು ಮಕ್ಕಳನ್ನು ಹತ್ತಿಸಿಕೊಂಡಿತು. ಒಟ್ಟು ಹದಿನಾರು ಜೀವ. ಗಂಡಸರು ಎಂಟು, ಹೆಂಗಸರು ಐದು, ಮಕ್ಕಳು ಮೂರು. ತಾನು ಮಾತ್ರ ಪಾರಾಗಲು ಸ್ಮಾಲ್ಸ್‌ಗೆ ಒಂದು ಸಣ್ಣ ದೋಣಿ ಸಾಕಿತ್ತು.

ಮುಂದೆ ಒಂದಾದ ಮೇಲೊಂದು ಕೋಟೆ, ಫಿರಂಗಿಗಳ ಸಾಲು. ಅವಸರ ಮಾಡುವ ಹಾಗಿಲ್ಲ, ವೇಗ ಹೆಚ್ಚಿದರೆ ಅನುಮಾನ. ನಿಧಾನ ಮಾಡುವ ಹಾಗೂ ಇಲ್ಲ, ಬೆಳಕು ಹರಿದರೆ ಮುಖ ಕಾಣುತ್ತದೆ. ಮುಖದ ಬಣ್ಣವೇ ಸಾಕ್ಷಿ ಹೇಳುತ್ತದೆ. ಸ್ಮಾಲ್ಸ್ ಕಪ್ತಾನನ ಟೋಪಿ ಇಟ್ಟುಕೊಂಡು, ಕಪ್ತಾನ ನಿಲ್ಲುವ ಜಾಗದಲ್ಲಿ, ಕಪ್ತಾನ ನಿಲ್ಲುವ ಹಾಗೆ ನಿಂತ. ವರ್ಷಗಟ್ಟಲೆ ಧಣಿಯ ಹಿಂದೆ ನಿಂತವನಿಗೆ ಧಣಿಯ ನಡಿಗೆ, ಕೈ ಬೀಸುವ ರೀತಿ, ಬೆನ್ನು ಬಾಗಿಸುವ ರೀತಿ ಎಲ್ಲ ಬಾಯಿಪಾಠ. ಆಳಿನ ನಡಿಗೆ ಹೇಗೆ ಅಂತ ಕಪ್ತಾನನನ್ನು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿತ್ತೆ?

ಜಾವ ನಾಲ್ಕೂವರೆಯ ಸುಮಾರಿಗೆ ಸಮ್ಟರ್ ಕೋಟೆ. ಅಲ್ಲಿ ಗುರುತಿನ ಸಿಳ್ಳು ಹಾಕಬೇಕು. ಎರಡು ಉದ್ದ, ಒಂದು ಗಿಡ್ಡ. ಸ್ಮಾಲ್ಸ್ ಹಗ್ಗ ಎಳೆದ. ಕೋಟೆಯಿಂದ ಹೋಗಬಹುದು ಅಂತ ಉತ್ತರ ಬಂತು. ಹೋದರು. ಒಳಕ್ಕೆ ತಿರುಗಬೇಕಾದ ಕಡೆ ಹಡಗು ತಿರುಗದೆ ನೇರ ಹೊರಗಡಲಿಗೆ ಹೋದಾಗ ಕೋಟೆಯವರಿಗೆ ಎಚ್ಚರವಾಯಿತು. ಅಷ್ಟರಲ್ಲಿ ಗುಂಡಿಗೆ ಎಟುಕದ ದೂರ.

ಇನ್ನೊಂದು ಸಾವು ಮುಂದೆ ಕಾದಿತ್ತು. ಹೊರಗೆ ಬೇಲಿ ಹಾಕಿದ್ದ ಉತ್ತರದವರ ನೌಕೆಗಳಿಗೆ ಇದು ಶತ್ರುವಿನ ಹಡಗು. ಮಂಜು ಬೇರೆ. ‘ಆನ್‌ವರ್ಡ್’ ಅನ್ನುವ ನೌಕೆ ಫಿರಂಗಿ ತಿರುಗಿಸಿತು. ಪ್ಲಾಂಟರ್‌ನವರು ಬಾವುಟ ಇಳಿಸಿ ಬಿಳಿ ಬಟ್ಟೆ ಏರಿಸಿದರು. ಅದು ಹ್ಯಾನಾ ತಂದಿದ್ದ ಹಾಸಿಗೆಯ ಹೊದಿಕೆ. ಕೊನೆಗಳಿಗೆಯಲ್ಲಿ ಆ ಬಿಳಿ ಯಾರ ಕಣ್ಣಿಗೋ ಬಿತ್ತು. ಹಡಗು ಹತ್ತಿರ ಬಂದಾಗ ಅದರ ಮೇಲೆ ಒಬ್ಬ ಬಿಳಿಯನೂ ಕಾಣಲಿಲ್ಲ. ಹೆಂಗಸರು ಮಕ್ಕಳು ಕುಣಿಯುತ್ತಿದ್ದರು, ಅಳುತ್ತಿದ್ದರು, ಸಮ್ಟರ್ ಕೋಟೆಯ ಕಡೆಗೆ ಕೈ ಮಾಡಿ ಬೈಯುತ್ತಿದ್ದರು. ಸ್ಮಾಲ್ಸ್ ಟೋಪಿ ತೆಗೆದು, ನಿಮ್ಮ ಸರ್ಕಾರದ ಹಳೇ ಫಿರಂಗಿಗಳನ್ನು ತಂದಿದ್ದೇನೆ ಅನ್ನುವ ಹಾಗೆ ಹೇಳಿ ಹಡಗು ಒಪ್ಪಿಸಿದ.

ಒಪ್ಪಿಸಿದ್ದು ಫಿರಂಗಿ ಒಂದೇ ಅಲ್ಲ. ದಕ್ಷಿಣದವರ ಸಂಕೇತಗಳ ಪುಸ್ತಕ ಹಡಗಿನಲ್ಲಿತ್ತು. ಅದಕ್ಕಿಂತ ಹೆಚ್ಚಿನದು ಸ್ಮಾಲ್ಸ್‌ನ ತಲೆಯಲ್ಲಿತ್ತು. ಕೋಲ್ಸ್ ದ್ವೀಪ ಖಾಲಿಯಾಗಿದೆ ಅನ್ನುವ ಸುದ್ದಿ ಅವನೇ ಕೊಟ್ಟ. ಒಂದು ವಾರದಲ್ಲಿ ಉತ್ತರದ ನೌಕೆಗಳು ಆ ದಾರಿಯಿಂದ ಸ್ಟೋನೋ ಹೊಳೆಯೊಳಕ್ಕೆ ನುಗ್ಗಿದವು. ನೌಕಾಪಡೆಯ ಮುಖ್ಯಸ್ಥ ಡುಪಾಂಟ್ ಸರ್ಕಾರಕ್ಕೆ ಬರೆದ ವರದಿಯಲ್ಲಿ ಅವನ ತಿಳಿವಳಿಕೆಯನ್ನು ಹೊಗಳಿದ್ದಾನೆ. ಅತ್ತ ಚಾರ್ಲ್ಸ್‌ಟನ್‌ನಲ್ಲಿ ಆ ಮೂವರು ಬಿಳಿಯರನ್ನು ಹಿಡಿದು ವಿಚಾರಣೆ ಮಾಡಿದರು. ಶಿಕ್ಷೆಯೇನೋ ಆಮೇಲೆ ರದ್ದಾಯಿತು. ಪತ್ರಿಕೆಗಳೆಲ್ಲ ಅಧಿಕಾರಿಗಳ ಅಜಾಗರೂಕತೆಯನ್ನೇ ದೂರಿದವು. ಕರಿಯರಿಗೆ ಬುದ್ಧಿ ಇತ್ತು ಅಂತ ಒಪ್ಪುವುದಕ್ಕಿಂತ ತಮ್ಮವರು ದಡ್ಡರು ಅಂತ ಒಪ್ಪುವುದು ಸುಲಭ.

ಬಿಡುಗಡೆ ಕೊಟ್ಟವರ ಲೆಕ್ಕಾಚಾರವನ್ನೂ ನೋಡಬೇಕು. ಶತ್ರುವಿನ ಹಡಗು ಹಿಡಿದವರಿಗೆ ಅದರ ಬೆಲೆಯಲ್ಲಿ ಪಾಲು ಕೊಡುವ ಪದ್ಧತಿ ಇತ್ತು. 1862ರ ಮೇ 30ರಂದು ಲಿಂಕನ್ ಸಹಿ ಹಾಕಿದ ಕಾನೂನಿನ ಪ್ರಕಾರ ಅರ್ಧ ಬೆಲೆ ಇವರಿಗೆ. ಬೆಲೆ ಕಟ್ಟಿದವರು ಹಡಗು, ಫಿರಂಗಿ ಎಲ್ಲ ಸೇರಿ 9,168 ಡಾಲರು ಅಂದರು. ಸ್ಮಾಲ್ಸ್‌ಗೆ ಸಿಕ್ಕಿದ್ದು 1,500. ಇಪ್ಪತ್ತು ವರ್ಷ ಕಳೆದ ಮೇಲೆ, 1883ರಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯೇ ಹೇಳಿತು, ನಿಜವಾದ ಬೆಲೆ 60,000 ಡಾಲರಿಗೂ ಮೀರಿದ್ದು ಅಂತ. ಹೇಳಿದ ಮೇಲೂ ಹೆಚ್ಚಿನ ದುಡ್ಡು ಸಿಗಲು 1900 ಇಸವಿ ಬರಬೇಕಾಯಿತು. ತಾಲ್ಲೂಕು ಆಫೀಸಿಗೆ ಅಲೆದವರಿಗೆ ಇದು ಹೊಸ ಕಥೆಯಲ್ಲ.

ಆದರೆ ಸ್ಮಾಲ್ಸ್ ಕಾಯುತ್ತಾ ಕೂರಲಿಲ್ಲ. ಅದೇ ಆಗಸ್ಟಿನಲ್ಲಿ ಫ್ರೆಂಚ್ ಅನ್ನುವ ಪಾದ್ರಿಯ ಜೊತೆ ವಾಷಿಂಗ್ಟನ್ನಿಗೆ ಹೋಗಿ ಯುದ್ಧಮಂತ್ರಿ ಸ್ಟಾಂಟನ್‌ನನ್ನು ಕಂಡ. ಕರಿಯರ ಕೈಗೆ ಬಂದೂಕು ಕೊಡಿ ಅನ್ನುವುದು ಅಹವಾಲು. ಆ ತನಕ ಸರ್ಕಾರಕ್ಕೆ ಮನಸ್ಸಿರಲಿಲ್ಲ. ಆಗಸ್ಟ್ 25ರಂದು 5,000 ಕರಿಯರವರೆಗೆ ಸೇರಿಸಿಕೊಳ್ಳಲು ಹುಕುಂ ಹೊರಟಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕರಿಯರು ಸೈನಿಕರಾಗಿ, ಸುಮಾರು 18,000 ಜನ ನಾವಿಕರಾಗಿ ಹೋರಾಡಿದ್ದರು. ಗುಲಾಮಗಿರಿಯನ್ನು ಲಿಂಕನ್ ಒಬ್ಬನೇ ಪೆನ್ನಿನಿಂದ ತೆಗೆದ ಅನ್ನುವ ಪಠ್ಯಪುಸ್ತಕದವರಿಗೆ ಈ ಲೆಕ್ಕ ತೋರಿಸಬೇಕು.

ಈಗ ಅವನು ಪೈಲಟ್, ಹೆಸರಿಗೂ ಪೈಲಟ್. 1863ರ ಏಪ್ರಿಲ್ 7ರಂದು ಉತ್ತರದವರ ಕಬ್ಬಿಣದ ಹೊದಿಕೆಯ ಒಂಬತ್ತು ನೌಕೆಗಳು ಚಾರ್ಲ್ಸ್‌ಟನ್ ಮೇಲೆ ನುಗ್ಗಿದವು. ಅವುಗಳ ಪೈಕಿ ‘ಕಿಯೋಕಕ್’ನ ಚುಕ್ಕಾಣಿ ಸ್ಮಾಲ್ಸ್‌ನದು. ಅದಕ್ಕೆ ಸುಮಾರು ತೊಂಬತ್ತು ಗುಂಡು ಬಿದ್ದವು. ಹೇಗೋ ಹೊರತಂದ, ಮರುದಿನ ಬೆಳಗ್ಗೆ ಮುಳುಗಿತು. ಆ ವರ್ಷದ ಕೊನೆಗೆ ಪ್ಲಾಂಟರ್‌ನಲ್ಲಿ ಪೈಲಟ್ ಆಗಿದ್ದಾಗ ಫಾಲಿ ದ್ವೀಪದ ಹಳ್ಳದಲ್ಲಿ ಎರಡೂ ಕಡೆಯಿಂದ ಗುಂಡು ಶುರುವಾಯಿತು. ಬಿಳಿಯ ಕಪ್ತಾನ ನಿಕರ್ಸನ್ ಶರಣಾಗೋಣ ಅಂದ. ಶರಣಾದರೆ ಕಪ್ತಾನ ಯುದ್ಧಕೈದಿ. ಕರಿಯರು? ಅವರಿಗೆ ಕೈದಿ ಅನ್ನುವ ಮರ್ಯಾದೆಯೂ ಇಲ್ಲ, ಹಗ್ಗವೋ ಸಂಕೋಲೆಯೋ. ಸ್ಮಾಲ್ಸ್ ಆಗೋದಿಲ್ಲ ಅಂದ. ಕಪ್ತಾನ ಕಲ್ಲಿದ್ದಲ ಕೋಣೆಯಲ್ಲಿ ಅವಿತುಕೊಂಡ. ಸ್ಮಾಲ್ಸ್ ಹಡಗನ್ನು ಗುಂಡಿನ ಮಳೆಯಿಂದ ಆಚೆ ತಂದ. ಆಗ ನಿಕರ್ಸನ್‌ನನ್ನು ತೆಗೆದುಹಾಕಿ ಸ್ಮಾಲ್ಸ್‌ನನ್ನು ಕಪ್ತಾನ ಮಾಡಿದರು. ಸಂಬಳ ತಿಂಗಳಿಗೆ 150 ಡಾಲರು. ತಲೆ ಮೇಲೆ ಈಗ ಎರವಲು ಟೋಪಿಯಲ್ಲ. ಆದರೂ ಪದ್ಧತಿ ಪ್ರಕಾರ ಕೊಡಬೇಕಾದ ನೇಮಕದ ಕಾಗದ ಕೊಟ್ಟಿರಲಿಲ್ಲ ಅಂತ ಆಮೇಲೆ ಪಿಂಚಣಿ ಕೇಳಲು ಹೋದಾಗ ಹೊರಬಂತು!

1864ರಲ್ಲಿ ಹಡಗಿನ ರಿಪೇರಿಗೆ ಫಿಲಡೆಲ್ಫಿಯಾಕ್ಕೆ ಹೋಗಿದ್ದಾಗ ಅವನು ಅಕ್ಷರ ಕಲಿತ. ಅಲ್ಲಿಯವರೆಗೆ ಓದು ಬರಹ ಇಲ್ಲ. ಬಂದರಿನ ಪ್ರತಿ ಅಡಿ ನೀರು ತಲೆಯಲ್ಲಿತ್ತು. ಧಕ್ಕೆಯ ಬೋರ್ಡು ಓದಲು ಬರುತ್ತಿರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದು ಆ ರಾಜ್ಯದಲ್ಲಿ ಅಪರಾಧ. ಅದೇ ಫಿಲಡೆಲ್ಫಿಯಾದಲ್ಲಿ, ಗುಲಾಮಗಿರಿ ಇಲ್ಲದ ಊರಿನಲ್ಲಿ, ಮಳೆಯ ದಿನ ಟ್ರಾಮು ಹತ್ತಿ ಕೂತ. ಕಂಡಕ್ಟರು ಎದ್ದು ಹೊರಗಿನ ಹಲಗೆಯ ಮೇಲೆ ನಿಲ್ಲು ಅಂದ. ಸರ್ಕಾರಿ ಹಡಗಿನ ಕಪ್ತಾನ ಇಳಿದು ನೆನೆದುಕೊಂಡೇ ನಡೆದ. ಇದು ದೊಡ್ಡ ಗಲಾಟೆಯಾಯಿತು. 1867ರಲ್ಲಿ ಆ ರಾಜ್ಯ ಟ್ರಾಮುಗಳಲ್ಲಿ ಭೇದ ಕೂಡದು ಅಂತ ಕಾನೂನು ಮಾಡಿತು. ಬಡೋದೆಯಲ್ಲಿ ಬಾಬಾಸಾಹೇಬರಿಗೆ ಮನೆ ಸಿಗದೆ ಹೋದದ್ದು ನೆನಪಾಗದೆ ಇರುತ್ತದೆಯೆ? ಪದವಿ ಬರುತ್ತದೆ, ಕೂರಲು ಜಾಗ ಬರುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳು ಗಮನಿಸಬೇಕಾದ ಮಾತು ಇಲ್ಲಿಂದ ಮುಂದೆ. 1868ರಲ್ಲಿ ಸೌತ್ ಕ್ಯಾರೊಲಿನಾಕ್ಕೆ ಹೊಸ ಸಂವಿಧಾನ ಬರೆಯಲು ಸೇರಿದ 124 ಜನರ ಪೈಕಿ 76 ಜನ ಕರಿಯರು. ಅಲ್ಲಿ ಸ್ಮಾಲ್ಸ್ ತಂದ ಠರಾವು ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಸರ್ಕಾರಿ ಶಾಲೆ ಬೇಕು ಅನ್ನುವುದು. ನಾಲ್ಕು ವರ್ಷದ ಹಿಂದೆ ಅಕ್ಷರ ಕಲಿತವನು! ಶಾಲೆಯ ಮಾತು ಆ ಸಂವಿಧಾನಕ್ಕೆ ಸೇರಿತು. ಬಡ ಬಿಳಿಯರ ಮಕ್ಕಳಿಗೂ ಅದೇ ಶಾಲೆ ಬಂತು, ಕರಿಯರ ಓಟಿನಿಂದ ಬಂತು. ಆಮೇಲೆ ರಾಜ್ಯದ ಶಾಸನಸಭೆ, 1875ರಿಂದ ಹಲವು ಬಾರಿ ವಾಷಿಂಗ್ಟನ್ನಿನ ಪ್ರತಿನಿಧಿಸಭೆ.

1876ರಲ್ಲಿ ಹ್ಯಾಂಬರ್ಗ್ ಅನ್ನುವ ಊರಿನಲ್ಲಿ ಕರಿಯರನ್ನು ಕೊಂದಾಗ ಕಣ್ಣಾರೆ ಕಂಡವರ ಕಾಗದವನ್ನು ಸಭೆಯಲ್ಲಿ ಓದಿಸಿದ. ಅದರ ಮರುವರ್ಷವೇ ಅವನ ಮೇಲೆ 5,000 ಡಾಲರು ಲಂಚದ ಮೊಕದ್ದಮೆ, ಮೂರು ವರ್ಷ ಶಿಕ್ಷೆ. 1879ರಲ್ಲಿ ಗವರ್ನರು ಕ್ಷಮೆ ಕೊಟ್ಟ. ಅದಕ್ಕೆ ಬದಲಾಗಿ ಚುನಾವಣೆಯಲ್ಲಿ ದೌರ್ಜನ್ಯ ಮಾಡಿದ ಬಿಳಿಯರ ಮೇಲಿನ ಮೊಕದ್ದಮೆಗಳು ಬಿದ್ದುಹೋದವು. ಅವನು ದುಡ್ಡು ಮುಟ್ಟಿಯೇ ಇರಲಿಲ್ಲ ಅಂತ ನಾವು ಪ್ರಮಾಣ ಮಾಡಿ ಹೇಳಲಾರೆವು. ನಮ್ಮ ನಾಯಕರನ್ನು ದೇವರು ಮಾಡುವ ಚಟ ನಮಗೆ ಬೇಡ. ಆದರೆ ಯಾವ ಕಾಲಕ್ಕೆ, ಯಾರ ಮೇಲೆ ಮೊಕದ್ದಮೆ ಬಂತು, ಯಾರ ಮೊಕದ್ದಮೆಗೆ ಬದಲಾಗಿ ಅದು ಹೋಯಿತು ಅನ್ನುವುದನ್ನು ನೋಡಿದರೆ ಅದು ನ್ಯಾಯದ ಕೆಲಸವಾಗಿರಲಿಲ್ಲ ಅನ್ನುವುದು ಗೊತ್ತಾಗುತ್ತದೆ.

1895ರಲ್ಲಿ ಟಿಲ್‌ಮನ್ ಅನ್ನುವವನ ಮುಂದಾಳುತನದಲ್ಲಿ ಮತ್ತೆ ಸಂವಿಧಾನ ತಿದ್ದಲು ಸೇರಿದರು. ಈಗ ಕರಿಯರು ಆರೇ ಜನ. ಉದ್ದೇಶ ಒಂದೇ: ಕರಿಯರ ಓಟು ಕಿತ್ತುಕೊಳ್ಳುವುದು. ಓದಲು ಬರಬೇಕು, ಇಲ್ಲವೆ 300 ಡಾಲರಿನ ಆಸ್ತಿ ಇರಬೇಕು. ಶಾಲೆ ಕೇಳಿದವನ ಎದುರಿಗೇ ಅಕ್ಷರವನ್ನು ಬೇಲಿ ಮಾಡಿದರು. ಕರಿಯರು ಬಿಳಿಯರು ಮದುವೆಯಾಗಬಾರದು ಅಂತ ಬಂದಾಗ ಸ್ಮಾಲ್ಸ್ ಎದ್ದು ನಿಂತು ಒಂದು ತಿದ್ದುಪಡಿ ಹೇಳಿದ. ಹಾಗಾದರೆ ಕರಿಯ ಹೆಂಗಸಿನ ಜೊತೆ ಸಂಸಾರ ಮಾಡುವ ಬಿಳಿಯನಿಗೆ ಯಾವ ಸರ್ಕಾರಿ ಅಧಿಕಾರವೂ ಸಿಗಬಾರದು ಅಂತ. ಸಭೆ ಏನಾಗಿರಬೇಕು ಊಹಿಸಿಕೊಳ್ಳಿ. ತಿದ್ದುಪಡಿ ಬಿತ್ತು. ಸ್ಮಾಲ್ಸ್ ಆ ಸಂವಿಧಾನಕ್ಕೆ ಸಹಿ ಹಾಕಲಿಲ್ಲ.

ಪ್ಲಾಂಟರ್ ಹಡಗು ಮತ್ತೆ ಹತ್ತಿ, ಸರಕು ಹೊರುತ್ತಿತ್ತು. 1876ರ ಮಾರ್ಚಿನಲ್ಲಿ, ಮರಳಿಗೆ ಸಿಕ್ಕಿದ ಇನ್ನೊಂದು ಹಡಗನ್ನು ಎಳೆಯಲು ಹೋಗಿ ತಾನೇ ತೂತಾಗಿ, ಬಿರುಗಾಳಿಗೆ ಒಡೆದುಹೋಯಿತು. ಮನೆಯವರೇ ಸತ್ತ ಹಾಗಾಯಿತು ಅಂದನಂತೆ ಸ್ಮಾಲ್ಸ್. ಅವನು 1915ರ ಫೆಬ್ರವರಿ 23ರಂದು ಬ್ಯೂಫರ್ಟ್‌ನಲ್ಲಿ ತೀರಿಕೊಂಡ. ಮೆಕೀ ಧಣಿಯ ಮನೆ ತೆರಿಗೆ ಬಾಕಿಗೆ ಹರಾಜಿಗೆ ಬಂದಾಗ ಅವನೇ ಕೊಂಡಿದ್ದ. ತಾಯಿ ಲಿಡಿಯಾಳನ್ನು ಅಲ್ಲೇ ಇಟ್ಟುಕೊಂಡಿದ್ದ. ಹಿತ್ತಿಲಿನಲ್ಲಿ ಹುಟ್ಟಿ ಪಡಸಾಲೆಯಲ್ಲಿ ಸತ್ತ. ಬುದ್ಧಿ ಮಂಕಾದ ಹಳೇ ಯಜಮಾನತಿ ಒಮ್ಮೆ ತನ್ನದೇ ಮನೆ ಅಂದುಕೊಂಡು ಒಳಗೆ ಬಂದಾಗ ಅವಳನ್ನು ಓಡಿಸದೆ ನೋಡಿಕೊಂಡರು ಅಂತಲೂ ಒಂದು ಕಥೆ ಇದೆ. ಈ ಕಥೆಯನ್ನು ಬಿಳಿಯರು ತುಂಬ ಪ್ರೀತಿಯಿಂದ ಹೇಳುತ್ತಾರೆ. ನಮಗೆ ಫಾಲಿ ಹಳ್ಳದ ಕಥೆ ಹೆಚ್ಚು ಇಷ್ಟ.

ಕಪ್ತಾನನ ಟೋಪಿಯ ಜಗಳ ಅಲ್ಲಿಗೆ ಮುಗಿಯಲಿಲ್ಲ. ವೆಸ್ಟ್ ಇಂಡೀಸಿನ ಯೂನಿಯನ್ ದ್ವೀಪದಲ್ಲಿ 1886ರಲ್ಲಿ ಹುಟ್ಟಿದ ಹ್ಯೂ ಮುಲ್ಜಾಕ್ ಅಮೆರಿಕಕ್ಕೆ ಬಂದು 1920ರ ಹೊತ್ತಿಗೆ ಕಪ್ತಾನಗಿರಿಯ ಪರೀಕ್ಷೆ ಪಾಸು ಮಾಡಿದ. ಕಾಗದ ಕೈಯಲ್ಲಿತ್ತು. ಆದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವನಿಗೆ ಸಿಕ್ಕ ಕೆಲಸ ಬಹುಮಟ್ಟಿಗೆ ಹಡಗಿನ ಅಡುಗೆಮನೆಯದು. ಮೆರಿಟ್ ಮೆರಿಟ್ ಅನ್ನುತ್ತಾರಲ್ಲ, ಅವರಿಗೆ ಈ ಅಡುಗೆಭಟ್ಟನನ್ನು ಪರಿಚಯ ಮಾಡಿಸಬೇಕು. 1942ರಲ್ಲಿ, ಎರಡನೇ ಮಹಾಯುದ್ಧಕ್ಕೆ ಜನ ಸಾಲದೆ ಬಂದಾಗ, ‘ಬುಕರ್ ಟಿ. ವಾಷಿಂಗ್ಟನ್’ ಅನ್ನುವ ಹಡಗಿನ ಕಪ್ತಾನಗಿರಿ ಕೊಟ್ಟರು. ಬರೀ ಕರಿಯರನ್ನೇ ಆಳುಗಳಾಗಿ ಕೊಡ್ತೀವಿ ಅಂದಾಗ ಆಗೋದಿಲ್ಲ ಅಂದ. ಎಲ್ಲ ಬಣ್ಣದವರೂ ಒಟ್ಟಿಗೆ ದುಡಿಯುವ ಹಡಗಾದರೆ ಮಾತ್ರ ಹತ್ತುತ್ತೇನೆ ಅಂತ ಪಟ್ಟು ಹಿಡಿದು ಗೆದ್ದ. ಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಅವನನ್ನು ಕೆಂಪು ಮನುಷ್ಯ ಅಂತ ಪಟ್ಟಿಗೆ ಹಾಕಿ ಮತ್ತೆ ದಡಕ್ಕೆ ಇಳಿಸಿದರು.

ಸ್ಮಾಲ್ಸ್‌ಗೆ ಈಗೀಗ ಗೌರವ ಬರುತ್ತಿದೆ. ದಕ್ಷಿಣದವರು ಗೆದ್ದ ಒಂದು ಯುದ್ಧದ ಹೆಸರಿದ್ದ ಅಮೆರಿಕದ ಯುದ್ಧನೌಕೆಗೆ 2023ರಲ್ಲಿ ರಾಬರ್ಟ್ ಸ್ಮಾಲ್ಸ್ ಅಂತ ಹೆಸರಿಟ್ಟರು. 2024ರಲ್ಲಿ ಸೌತ್ ಕ್ಯಾರೊಲಿನಾ ಶಾಸನಸಭೆ ತನ್ನ ಅಂಗಳದಲ್ಲಿ ಅವನ ಪ್ರತಿಮೆ ನಿಲ್ಲಿಸಲು ಒಪ್ಪಿತು. ಅದೇ ಅಂಗಳದಲ್ಲಿ ಟಿಲ್‌ಮನ್‌ನ ಪ್ರತಿಮೆ 1940ರಿಂದ ನಿಂತಿದೆ. ಎದುರುಬದುರಾಗಿ ನಿಲ್ಲಿಸಿದರೆ ಒಳ್ಳೆಯದು. ಪೀಠದ ಮೇಲೆ ಆ ರಾತ್ರಿಯ ಉಳಿದವರ ಹೆಸರನ್ನೂ ಕೆತ್ತಬೇಕು: ಬಾಯ್ಲರಿಗೆ ಬೆಂಕಿ ಹಾಕಿದ ಜಾನ್ ಸ್ಮಾಲ್ಸ್, ಆಲ್‌ಫ್ರೆಡ್ ಗೌರ್ಡಿನ್, ಅಬ್ರಹಾಂ ಜ್ಯಾಕ್ಸನ್, ಗೇಬ್ರಿಯಲ್ ಟರ್ನರ್, ವಿಲಿಯಂ ಮಾರಿಸನ್, ಮತ್ತೆ ಹೊದಿಕೆ ತಂದ ಹ್ಯಾನಾ.